ಕುರ್ಚಿಯ ಮೇಲಿನ ನಾಲ್ಕು ಕಂಬಳಿ

ಪ್ರೀತಿಯ ದಿಮ್ಮಿ,

ನಲವತ್ತು ದಾಟಿದವನನ್ನು ಇನ್ನೂ ಹೀಗೇ ಕರೆಯುತ್ತೀಯಲ್ಲ ಅಂತ ಮುಖ ಸಿಂಡರಿಸಬೇಡ. ನೀನು ಹುಟ್ಟಿದ ದಿನ ನಿನ್ನನ್ನು ಮೊದಲ ಸಲ ಕೈಗೆತ್ತಿಕೊಂಡ ಅಪ್ಪ, "ಇದೇನೇ, ಮರದ ದಿಮ್ಮಿ ಹೆತ್ತಿದ್ದೀಯ!" ಅಂದಿದ್ದನಂತೆ. ಜೀವಮಾನವೆಲ್ಲ ಕಂಡವರ ಬೀರು, ಮಂಚ ಹೊತ್ತು ಮನೆಯಿಂದ ಮನೆಗೆ ಸಾಗಿಸಿದವನ ಬಾಯಿಂದ ಬಂದ ಮಾತು ಅದು. ನಮ್ಮ ಮನೆಯಲ್ಲಿ ಅದಕ್ಕಿಂತ ದೊಡ್ಡ ಬಿರುದು ಯಾರಿಗೂ ಸಿಕ್ಕಿಲ್ಲ. ನನ್ನನ್ನು ಎತ್ತಿಕೊಂಡಾಗ ಏನೂ ಅನ್ನಲೇ ಇಲ್ಲವಂತೆ. ಆ ಹೊಟ್ಟೆಕಿಚ್ಚು ನನಗೆ ಇವತ್ತಿಗೂ ಇದೆ.

ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಈಚೆಗೆ ನೀನು ಎರಡು ಮಾತಿಗೆ "ಆಯ್ತಕ್ಕ, ಇಡ್ತೀನಿ" ಅನ್ನುವುದನ್ನು ಕಲಿತಿದ್ದೀಯ. ಪತ್ರವಾದರೆ ನಡುವೆ ನನ್ನ ಬಾಯಿ ಮುಚ್ಚಿಸಲು ಬರುವುದಿಲ್ಲ. ನಿನ್ನ ಹೆಂಡತಿ ಇದನ್ನು ನಿನ್ನ ಕೈಗೇ ಕೊಟ್ಟು, ನೀನು ಓದುವ ತನಕ ಎದುರಿಗೇ ಕೂರುತ್ತೇನೆ ಅಂದಿದ್ದಾಳೆ. ಅವಳನ್ನು ಬಯ್ಯಬೇಡ, ಹೇಳಿದವಳು ನಾನು.

ವಿಷಯ ಇಷ್ಟು. ಗುರುವಾರ ಬೆಳಿಗ್ಗೆ ಅಮ್ಮ ನಿನ್ನ ಮನೆಗೆ ಬರುತ್ತಿದ್ದಾಳೆ. ಒಬ್ಬಳೇ ಬರುತ್ತಿದ್ದಾಳೆ.

ಮೊನ್ನೆ ಈ ಮಾತು ತೆಗೆದಾಗ ನೀನು ಏನಂದೆ ಅನ್ನುವುದು ನೆನಪಿದೆಯಲ್ಲ? "ಬೇಡಕ್ಕ, ಕಳಿಸಬೇಡ. ನನ್ನನ್ನ ನೋಡ್ಕೊಳ್ಳೋದ್ರಲ್ಲೇ ಇವಳು ಸುಸ್ತಾಗಿದ್ದಾಳೆ. ಇನ್ನು ಅಮ್ಮನ್ನ ಎತ್ತಿ ಕೂರಿಸೋರು ಯಾರಿದ್ದಾರೆ ಇಲ್ಲಿ?" ನಾನು ನಕ್ಕುಬಿಟ್ಟೆ. ನಿನಗೆ ಸಿಟ್ಟು ಬಂತು, ಫೋನ್ ಇಟ್ಟೆ. ನಾನು ನಕ್ಕದ್ದು ನಿನ್ನ ಕಷ್ಟಕ್ಕಲ್ಲ ಕಣೋ. ನಿನ್ನ ಮನಸ್ಸಿನಲ್ಲಿ ಕೂತಿರುವ ಅಮ್ಮ ಎರಡು ವರ್ಷ ಹಳೆಯವಳು. ಇಲ್ಲಿರುವವಳು ಬೇರೆಯೇ. ಅವಳು ನಿನ್ನಲ್ಲಿಗೆ ಆರೈಕೆ ಮಾಡಿಸಿಕೊಳ್ಳುವುದಕ್ಕೆ ಬರುತ್ತಿಲ್ಲ, ನಿನ್ನನ್ನು ಆ ಕುರ್ಚಿಯಿಂದ ಎಬ್ಬಿಸುವುದಕ್ಕೆ ಬರುತ್ತಿದ್ದಾಳೆ.

ಕುರ್ಚಿಯ ಸುದ್ದಿ ನನಗೆ ಗೊತ್ತಿಲ್ಲ ಅಂದುಕೊಂಡಿದ್ದೀಯಾ? ಎಲ್ಲಾ ಗೊತ್ತು. ಕಿಟಕಿ ಪಕ್ಕದ ದೊಡ್ಡ ಕುರ್ಚಿ. ನೀರಿನ ಜಗ್, ಫೋನು, ಟಿವಿಯ ರಿಮೋಟು, ಮಾತ್ರೆ ಡಬ್ಬಿ, ಎಲ್ಲ ಕೈಗೆಟಕುವಷ್ಟು ದೂರದಲ್ಲಿ. ಬಗ್ಗಬೇಕಾಗುತ್ತದೆ ಅಂತ ಲೇಸು ಕಟ್ಟುವ ಬೂಟುಗಳನ್ನೆಲ್ಲ ಅಟ್ಟಕ್ಕೆ ಹಾಕಿಸಿದ್ದೀಯ. ಬಚ್ಚಲಿಗೆ ಗೋಡೆ ಹಿಡಿದುಕೊಂಡು ಹೋಗಿ ಬಂದರೆ ಆ ದಿನದ ಸಂಚಾರ ಮುಗಿಯಿತು. ಪರದೆ ಎಳೆಯಲು ಹಗ್ಗ ಕಟ್ಟಿದ್ದೀಯಂತೆ. ಅದಾದರೂ ಹೋಗಲಿ, ಮುಂಬಾಗಿಲ ಚಿಲಕಕ್ಕೂ ಹಗ್ಗ ಕಟ್ಟಿ, ಮೂರು ರಾಟೆ ಹಾಯಿಸಿ, ಆ ತುದಿಯನ್ನು ಕುರ್ಚಿಯ ಕೈಗೆ ಸುತ್ತಿಟ್ಟಿದ್ದೀಯಂತೆ. ಕೂತಲ್ಲಿಂದಲೇ ಎಳೆದರೆ ಬಾಗಿಲು ತೆರೆಯುತ್ತದೆ. ಕೆಲಸ ಮಾತ್ರ ತುಂಬಾ ಅಚ್ಚುಕಟ್ಟಾಗಿದೆ ಅಕ್ಕ ಅಂತ ನಿನ್ನ ಹೆಂಡತಿ ಹೊಗಳಿದಳು. ಹೊಗಳುತ್ತಾ ಹೊಗಳುತ್ತಾ ಫೋನಿನಲ್ಲೇ ಅತ್ತಳು.

ನಿನ್ನ ಬೆನ್ನಿಗೆ ಏನಾಯಿತು ಅನ್ನುವುದೂ ನನಗೆ ಗೊತ್ತು, ಆಸ್ಪತ್ರೆಯ ಮಂಚದ ಮೇಲೆ ನೀನೇ ಹೇಳಿದ್ದೆ. ಅಪ್ಪ ನಮಗೆ ನಡೆಯುವುದಕ್ಕಿಂತ ಮುಂಚೆ ಕಲಿಸಿದ್ದು ಒಂದೇ ಪಾಠ ಅನ್ನಬೇಕು. ಭಾರದ ಸಾಮಾನಿಗೆ ಇಬ್ಬರು ಕೈ ಹಾಕಿದಾಗ ಒಬ್ಬ "ಬಂತಾ?" ಅಂತ ಕೇಳಬೇಕು. ಹಿಡಿತ ಬಂತಾ ಅಂತ ಅರ್ಥ. ಇನ್ನೊಬ್ಬ "ಬಂತು" ಅನ್ನುವ ತನಕ ಎತ್ತುವ ಹಾಗಿಲ್ಲ. ಒಮ್ಮೆ ಹೊಸದಾಗಿ ಸೇರಿದವನೊಬ್ಬ ಬೀರುವಿನ ಆ ಬದಿಯಲ್ಲಿ ನಿಂತು ಮೂಗು ತುರಿಸಿಕೊಂಡು, ಅಂಗಿ ಸರಿಮಾಡಿಕೊಂಡು, ಬೀದಿಯಲ್ಲಿ ಹೋಗುತ್ತಿದ್ದವರನ್ನು ನೋಡಿಕೊಂಡು ಇದ್ದರೂ ಅಪ್ಪ ಈ ಬದಿಯಲ್ಲಿ ಬಗ್ಗಿದವನು ಬಗ್ಗಿದ ಹಾಗೇ ಕಾದಿದ್ದ. ಬಾಯಿ ಬಿಟ್ಟು ಬಯ್ಯಲಿಲ್ಲ, ಎತ್ತಲೂ ಇಲ್ಲ. ಅಂಥವನ ಮಗ ನೀನು, ಆ ದಿನ ಕತ್ತಲಾಗುವುದರೊಳಗೆ ಲಾರಿ ಖಾಲಿ ಮಾಡಬೇಕು ಅನ್ನುವ ಅವಸರದಲ್ಲಿ ಮಹಡಿ ಮೆಟ್ಟಿಲ ಮೇಲೆ ಫ್ರಿಜ್ಜಿಗೆ ಕೈ ಹಾಕಿ, "ಬಂತಾ?" ಅಂದವನೇ ಎತ್ತಿಬಿಟ್ಟೆ. ಕೆಳಗಿದ್ದವನು ಇನ್ನೂ ಫ್ರಿಜ್ಜಿಗೆ ಸುತ್ತಿದ ಪಟ್ಟಿ ಬಿಗಿಯುತ್ತಿದ್ದ. ಭಾರವೆಲ್ಲ ನಿನ್ನ ಬೆನ್ನಿಗೇ ಬಂತು. "ಕೇಳಿದೆ ಅಕ್ಕ. ಉತ್ತರಕ್ಕೆ ಕಾಯಲಿಲ್ಲ," ಅಂದೆ ನೀನು. ಆಮೇಲೆ ಗೋಡೆ ಕಡೆ ತಿರುಗಿ ಮಲಗಿದೆ.

ಡಾಕ್ಟರು ಪೆಟ್ಟು ಮಾಗಿದೆ ಅಂದಿದ್ದಾರೆ. ಇನ್ನು ಮಲಗಿದಷ್ಟೂ ಬೆನ್ನು ಸೋಲುತ್ತದೆ, ನಿಧಾನವಾಗಿ ಅದಕ್ಕೆ ಕೆಲಸ ಕೊಡಿ ಅಂದಿದ್ದಾರೆ. ನೀನು ಮಾತ್ರ "ನಾನಿನ್ನು ಎತ್ತೋ ಆಳಲ್ಲ" ಅಂತ ನಿನ್ನಷ್ಟಕ್ಕೆ ನೀನೇ ತೀರ್ಪು ಕೊಟ್ಟುಕೊಂಡು ಕೂತಿದ್ದೀಯ. ಈ ಮಾತನ್ನು ನಾನು ಮುಂಚೆಯೇ ಕೇಳಿದ್ದೇನೆ. ಎರಡು ವರ್ಷದ ಹಿಂದೆ ಅಮ್ಮನ ಬಾಯಲ್ಲಿ ಕೇಳಿದ್ದೆ. ಆ ಕಥೆ ನಿನಗೆ ಹೇಳಕೂಡದು ಅಂತ ಅವಳು ನನ್ನಿಂದ ಆಣೆ ಹಾಕಿಸಿಕೊಂಡಿದ್ದಳು. "ಅವನಿಗೆ ಗೊತ್ತಾದ್ರೆ ಓಡಿ ಬರ್ತಾನೆ, ಬಂದು ನನ್ನನ್ನ ಎತ್ಕೊಂಡು ಓಡಾಡ್ತಾನೆ" ಅನ್ನುತ್ತಿದ್ದಳು. ಈಗ ಅವಳೇ ಆಣೆ ಬಿಡಿಸಿದ್ದಾಳೆ, ಬರೆಯುತ್ತಿದ್ದೇನೆ.

ನೀನು ಕಳೆದ ಸಲ ಬಂದಾಗ ಅಮ್ಮನನ್ನು ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆವಲ್ಲ? ಮೆಟ್ಟಿಲ ಹತ್ತಿರ ಅವಳು ಒಂದು ಗಳಿಗೆ ನಿಂತಳು. ನೀನು ಹಿಂದೆ ಮುಂದೆ ನೋಡದೆ ಅವಳನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಸರಸರ ಹತ್ತಿಬಿಟ್ಟೆ. ಅಲ್ಲಿದ್ದವರೆಲ್ಲ ಮಗ ಅಂದರೆ ಹೀಗಿರಬೇಕು ಅಂದರು. ಅಮ್ಮನೂ ನಕ್ಕಳು. ಮನೆಗೆ ಬಂದು ಹಾಸಿಗೆಯಲ್ಲಿ ಕೂತ ಮೇಲೆ ನನ್ನನ್ನು ಕರೆದು, "ನಾನು ಅಲ್ಲಿ ಯೋಚನೆ ಮಾಡ್ತಿದ್ದೆ ಕಣೇ, ಹತ್ತೋಕಾಗತ್ತಾ ಅಂತ. ನೋಡೋಕೇ ಬಿಡಲಿಲ್ಲ ಅವನು" ಅಂದಳು.

ಇದರಲ್ಲಿ ನಿನ್ನೊಬ್ಬನದೇ ತಪ್ಪೇನೂ ಇಲ್ಲ, ಇಡೀ ಮನೆಯ ಕಾಯಿದೆಯೇ ಹಾಗಿತ್ತು. ಮದುವೆಗೆ ಮುಂಚೆ ಅಮ್ಮ ಕಟ್ಟಡದ ಕೆಲಸದಲ್ಲಿ ತಲೆ ಮೇಲೆ ಇಟ್ಟಿಗೆ ಹೊರುತ್ತಿದ್ದಳು. ಅಪ್ಪ ಅಲ್ಲಿಗೆ ಇಟ್ಟಿಗೆ ಲಾರಿ ಇಳಿಸಲು ಹೋದಾಗ ಅವಳನ್ನು ನೋಡಿದ್ದು. ಮದುವೆಯಾದ ದಿನವೇ ಹೇಳಿದನಂತೆ, "ನೀನು ಹೊತ್ತಿದ್ದು ಸಾಕು. ಇನ್ಮೇಲೆ ಈ ಮನೇಲಿ ನೀನು ಏನೂ ಎತ್ತಬೇಡ." ಎಂಥ ಪ್ರೀತಿಯ ಮಾತು! ಅವನು ಆಡಿದ ಹಾಗೇ ನಡೆದುಕೊಂಡ. ನೀರಿನ ಬಕೆಟ್ಟು, ತರಕಾರಿ ಚೀಲ, ಗ್ಯಾಸಿನ ಸಿಲಿಂಡರು, ಕೊನೆಗೆ ಅವಳ ಕೈಚೀಲ ಕೂಡ. ಆಮೇಲೆ ನಾನು ಬೆಳೆದೆ, ನೀನು ಬೆಳೆದೆ, ಅಂಗಳದಲ್ಲಿ ಆಳುಗಳು ಹೆಚ್ಚಾದರು. ಅಮ್ಮ ಯಾವುದಕ್ಕೆ ಕೈ ಚಾಚಿದರೂ ಅಷ್ಟರಲ್ಲಿ ಇನ್ನೊಂದು ಕೈ ಬಂದು ಅದನ್ನು ಎತ್ತಿಕೊಂಡಿರುತ್ತಿತ್ತು. ಅಪ್ಪ ಹೋದ ಮೇಲಂತೂ ಅವನ ಮಾತು ಅಂತ ನಾವು ಇನ್ನೂ ಬಿಗಿ ಮಾಡಿದೆವು. ಊರಿನ ಸಾಮಾನೆಲ್ಲ ಎತ್ತುವ ಮನೆಯಲ್ಲಿ ಅವಳೊಬ್ಬಳು ಏನೂ ಎತ್ತದೆ ನಲವತ್ತಕ್ಕೂ ಹೆಚ್ಚು ವರ್ಷ ಕೂತಳು.

ನೀನು ಹೋಗಿ ಸ್ವಲ್ಪ ದಿನವಾಗಿತ್ತು. ಒಂದು ಸಂಜೆ ನಾನು ಲಾರಿ ನಿಲ್ಲಿಸಿ ಒಳಗೆ ಬಂದರೆ ಅಮ್ಮ ಮಂಚದ ಪಕ್ಕ ನೆಲದ ಮೇಲೆ ಕೂತು ಬಟ್ಟೆ ಮಡಚುತ್ತಿದ್ದಳು. ಒಗೆದ ಬಟ್ಟೆಯ ಬುಟ್ಟಿ ಹತ್ತಿರ ಇತ್ತು. ದೀಪ ಹಾಕಿರಲಿಲ್ಲ. ನಾನು ಕೈಕಾಲು ತೊಳೆದು ಟೀ ಕುಡಿದು ಬಂದರೂ ಅದೇ ಮೂರ್ನಾಲ್ಕು ಹೊದಿಕೆ ಅವಳ ಕೈಯಲ್ಲಿದ್ದವು. ಮಡಚಿದ್ದನ್ನೇ ಬಿಚ್ಚಿ ಮತ್ತೆ ಮಡಚುತ್ತಿದ್ದಳು. ಏನಮ್ಮ ಇದು ಅಂದೆ. ಮೊದಲು ಏನೂ ಇಲ್ಲ ಅಂದಳು. ಆಮೇಲೆ ನನ್ನ ಮುಖ ನೋಡದೆ, "ಮಧ್ಯಾಹ್ನ ಒಂದು ಕಾಲುಚೀಲ ಮಂಚದ ಕೆಳಗೆ ಹೋಯ್ತು ಅಂತ ಕೂತೆ ಕಣೇ. ಏಳೋಕಾಗ್ಲಿಲ್ಲ" ಅಂದಳು. ಅಂಗಳದಲ್ಲಿ ನಮ್ಮ ಆಳು ಉದ್ದಣ್ಣ ಇದ್ದನಲ್ಲ, ಕರೆಯಬಾರದಿತ್ತಾ ಅಂದೆ. "ಕರೆದ್ರೆ ಬಂದು ಎತ್ತಿಬಿಡ್ತಾನೆ. ಅದೇ ಬೇಡ ಅಂತ ಕೂತಿದ್ದೆ" ಅಂದಳು.

ಆ ಸಂಜೆ ನಾನೇ ಅವಳನ್ನು ಎತ್ತಿದೆ, ಬೇರೆ ದಾರಿ ಇರಲಿಲ್ಲ. ಹಗುರಾಗಿದ್ದಳು ದಿಮ್ಮಿ. ನಮ್ಮ ಕಸುಬಿನಲ್ಲಿ ಹಗುರ ಅಂದರೆ ಖುಷಿಪಡುವ ಮಾತು. ಆ ದಿನ ಮಾತ್ರ ಅಲ್ಲ. ಇವಳು ನಮ್ಮ ಕಣ್ಣೆದುರಿಗೇ ಕರಗಿ ಹೋಗುತ್ತಿದ್ದಾಳೆ, ನಾವು ಪಕ್ಕದಲ್ಲಿ ನಿಂತು ಸಹಾಯ ಮಾಡುತ್ತಿದ್ದೇವೆ ಅನ್ನಿಸಿತು. "ನಾನಿನ್ನು ಏಳೋ ಹೆಂಗಸಲ್ಲ, ಬಿಡು" ಅಂದಳು ಅವಳು. ನಿನ್ನ ಧಾಟಿಯಲ್ಲೇ.

ಮರುದಿನವೇ ಅವಳನ್ನು ಫಿಸಿಯೋಥೆರಪಿಯವರ ಹತ್ತಿರ ಕರೆದುಕೊಂಡು ಹೋದೆ. ಉದ್ದಣ್ಣನೂ ಬಂದ, ಅಮ್ಮನನ್ನು ಇಳಿಸಲು ಹತ್ತಿಸಲು ಬೇಕಲ್ಲ ಅಂತ. ಫಿಸಿಯೋಥೆರಪಿಯವಳು ಸಣ್ಣ ವಯಸ್ಸಿನ ಹೆಂಗಸು, ಕೂದಲನ್ನು ಬಿಗಿಯಾಗಿ ಕಟ್ಟಿ, ಕೊರಳಿಗೆ ಗಡಿಯಾರ ನೇತುಹಾಕಿಕೊಂಡಿದ್ದಳು. ಅಮ್ಮ ಅವಳಿಗೆ ಬಾಗಿಲಲ್ಲೇ ಡ್ರಿಲ್ ಮೇಡಂ ಅಂತ ಹೆಸರಿಟ್ಟಳು. ಡ್ರಿಲ್ ಮೇಡಂ ಅಮ್ಮನನ್ನು ಒಂದು ಸಾದಾ ಕುರ್ಚಿಯ ಮೇಲೆ ಕೂರಿಸಿ, "ಅಮ್ಮಾ, ಕೈ ಕಟ್ಕೊಂಡು ಹಾಗೇ ಎದ್ದು ನಿಲ್ಲಿ ನೋಡೋಣ" ಅಂದಳು. ಅಮ್ಮ ಮುಂದಕ್ಕೆ ಬಾಗಿದಳು. ಕುರ್ಚಿ ಬಿಟ್ಟು ಏಳಲಾಗಲಿಲ್ಲ. ಅಷ್ಟೇ ತಡ, ನಾನು ಈ ಕಡೆಯಿಂದ, ಉದ್ದಣ್ಣ ಆ ಕಡೆಯಿಂದ ಹಾರಿ ಬಂದೆವು. "ಯಾರೂ ಮುಟ್ಟಬೇಡಿ!" ಅಂತ ಗದರಿದಳು ನೋಡು, ಉದ್ದಣ್ಣ ಚಾಚಿದ ಕೈ ಹಾಗೇ ಗಾಳಿಯಲ್ಲಿ ನಿಂತುಬಿಟ್ಟಿತು. "ನೀವಿಬ್ರೂ ಗೋಡೆ ಹತ್ರ ಹೋಗಿ ನಿಂತ್ಕೊಳ್ಳಿ" ಅಂದಳು. ಹೋಗಿ ನಿಂತೆವು. ಎಷ್ಟೋ ಕಾಲದ ಮೇಲೆ ಅಮ್ಮ ಹೊಟ್ಟೆತುಂಬ ನಕ್ಕಳು.

ಮನೆಯಲ್ಲಿ ಇವರು ಏನೇನು ಎತ್ತುತ್ತಾರೆ ಅಂತ ಡ್ರಿಲ್ ಮೇಡಂ ಕೇಳಿದಳು. "ಒಂದು ಚೊಂಬು ನೀರೂ ಎತ್ತೋಕೆ ಬಿಡಲ್ಲ ಮೇಡಂ" ಅಂತ ನಾನು ಎದೆಯುಬ್ಬಿಸಿ ಹೇಳಿದೆ. ಅವಳು ನನ್ನ ಕಡೆ ತಿರುಗಿದಳು. "ನಿಮ್ಮ ಹತ್ರ ಆಳುಗಳಿದ್ದಾರಲ್ಲ, ಅವರಿಗೆ ವರ್ಷಗಟ್ಟಲೆ ಕೆಲಸ ಕೊಡದೆ ಇದ್ರೆ ಏನ್ಮಾಡ್ತಾರೆ?" ಬಿಟ್ಟು ಹೋಗ್ತಾರೆ ಅಂದೆ. "ಇವರ ತೊಡೆ ಸ್ನಾಯು ಅದೇ ಮಾಡ್ತಿದೆ" ಅಂದಳು. ವಯಸ್ಸಾದ ಹಾಗೆ ಸ್ನಾಯು ತಾನಾಗಿಯೇ ಸವೆಯುತ್ತದೆ, ಆದರೆ ಭಾರ ಹಾಕಿ ಕೆಲಸ ಕೊಟ್ಟರೆ ಈ ವಯಸ್ಸಿನಲ್ಲೂ ಮತ್ತೆ ಬೆಳೆಯುತ್ತದೆ, ಭಾರ ಬಿದ್ದರೆ ಮೂಳೆಗೂ ಒಳ್ಳೆಯದು, ಊಟದ ಸಕ್ಕರೆಯನ್ನು ಹೆಚ್ಚು ಬಳಸುವುದೂ ಸ್ನಾಯುವೇ ಅಂತ ಬಿಡಿಸಿ ಹೇಳಿದಳು. ನಡೆದಾಡುವುದು ಒಳ್ಳೆಯದೇ, ಆದರೆ ಅದೊಂದೇ ಸಾಲದಂತೆ. ಅಮ್ಮ ಎಲ್ಲ ಕೇಳಿಸಿಕೊಂಡು ಕೊನೆಗೆ ಒಂದೇ ಪ್ರಶ್ನೆ ಕೇಳಿದಳು. "ನೆಲದಿಂದ ಏಳೋಕಾಗತ್ತಾ?" ಡ್ರಿಲ್ ಮೇಡಂ, "ಮೊದಲು ಕುರ್ಚಿಯಿಂದ" ಅಂದಳು.

ಮನೆಯಲ್ಲಿ ಕುರ್ಚಿಯ ಎತ್ತರ ಹೆಚ್ಚಿಸಿ ಶುರು ಮಾಡಬೇಕಿತ್ತು. ಮೆತ್ತನೆಯ ದಿಂಬು ಬೇಡ, ಗಟ್ಟಿಯಾದದ್ದು ಹಾಕಿ ಅಂದಿದ್ದಳು. ನಮ್ಮಲ್ಲಿ ಗಟ್ಟಿಯಾದದ್ದಕ್ಕೇನು ಬರ? ಬೀರುಗಳಿಗೆ ಗೀರು ಬೀಳದ ಹಾಗೆ ಸುತ್ತುವ ಬೂದು ಕಂಬಳಿಗಳಿವೆಯಲ್ಲ, ಅವನ್ನೇ ನಾಲ್ಕು ತಂದು ಮಡಚಿ ಕುರ್ಚಿಯ ಮೇಲೆ ಒಟ್ಟಿದೆ. ಕುರ್ಚಿಯನ್ನು ಗೋಡೆಗೆ ಆನಿಸಿದೆ. ಲಾರಿಯ ಡೀಸೆಲ್ ವಾಸನೆಯ ಆ ಸಿಂಹಾಸನದ ಮೇಲೆ ಅಮ್ಮ ಕೂತಳು. ಅಷ್ಟು ಎತ್ತರದಿಂದ ಕೈ ಊರದೆ ಏಳಲು ಬಂತು. ಎದ್ದಳು, ಕೂತಳು, ಮತ್ತೆ ಎದ್ದಳು. ಅದು ಸಲೀಸಾದ ಮೇಲೆ ಒಂದು ಕಂಬಳಿ ತೆಗೆಯಬೇಕು. ಇಷ್ಟೇ ಕಣೋ ಇಡೀ ವಿದ್ಯೆ. ಒಂದು ಭಾರ ಹಗುರ ಅನ್ನಿಸುವ ತನಕ ಮಾಡು, ಹಗುರಾದ ಮೇಲೆ ಸ್ವಲ್ಪ ಹೆಚ್ಚಿಸು. ಹೊಸ ಆಳಿನ ಕೈಯಲ್ಲಿ ಮೊದಲ ದಿನವೇ ಬೀರು ಎತ್ತಿಸುತ್ತೀವಾ? ಮೊದಲು ಪಾತ್ರೆ ಡಬ್ಬ, ಆಮೇಲೆ ಕುರ್ಚಿ ಮೇಜು. ಕಂಡವರಿಗೆಲ್ಲ ನಾವು ಕಲಿಸುವ ಪಾಠ ಅಮ್ಮನ ಮೈಗೂ ಸಲ್ಲುತ್ತದೆ ಅನ್ನುವುದು ನಮ್ಮ ತಲೆಗೆ ಹೊಳೆದೇ ಇರಲಿಲ್ಲ.

ಒಂದೇ ಸಮನೆ ಮೇಲೇರಿದಳು ಅಂತ ಸುಳ್ಳು ಹೇಳಲಾರೆ. ಮೊದಮೊದಲು ತೊಡೆ ನೋಯುತ್ತದೆ ಅಂತ ಡ್ರಿಲ್ ಮೇಡಂನ ಏಳು ತಲೆಮಾರನ್ನೂ ಬೈದಳು. ನಡುವೆ ಬಿಡುವು ಕೊಡಬೇಕು ಅಂದರೆ ಅದಕ್ಕೂ ಜಗಳ, ದಿನಾ ಮಾಡುತ್ತೇನೆ ಅಂತ. "ಇಟ್ಟಿಗೆ ಕಟ್ಟಿದ್ಮೇಲೆ ಗಾರೆ ಕಚ್ಚೋಕೆ ಬಿಡಲ್ವೇನಮ್ಮಾ?" ಅಂತ ಡ್ರಿಲ್ ಮೇಡಂ ಕೇಳಿದ ಮೇಲೆ ತೆಪ್ಪಗಾದಳು. ಎರಡನೆಯ ಕಂಬಳಿ ತೆಗೆಯುವ ಹೊತ್ತಿಗೆ ಒಂದು ಎಡವಟ್ಟು ಮಾಡಿಕೊಂಡಳು. ಯಾರೂ ಇಲ್ಲದಾಗ ಒಂದರ ಬದಲು ಎರಡು ಕಂಬಳಿ ತೆಗೆದು ಎದ್ದಿದ್ದಾಳೆ. ಅರ್ಧಕ್ಕೆ ಕಾಲು ಸೋತು ದೊಪ್ಪನೆ ಕುರ್ಚಿಗೆ ಬಿದ್ದು, ಸೊಂಟ ಹಿಡಿದುಕೊಂಡು, ವಾರವಿಡೀ ಮಲಗಿದಳು. ಮುಗಿಯಿತು ಕಥೆ, ಇನ್ನು ಇವಳು ಏಳುವುದಿಲ್ಲ ಅಂದುಕೊಂಡೆ. ನೋವು ಇಳಿದ ದಿನ ಬೆಳಿಗ್ಗೆ ನೋಡಿದರೆ ತಾನೇ ಕಂಬಳಿಗಳನ್ನು ಮಡಚಿ ಕುರ್ಚಿಯ ಮೇಲೆ ಒಟ್ಟುತ್ತಿದ್ದಾಳೆ. ನಾಲ್ಕೂ. ಬೇಜಾರಾಗಲ್ವಾ, ಮತ್ತೆ ಮೊದಲಿಂದ ಅಂದರೆ ಅಂತ ಕೇಳಿದೆ. ಅವಳು ಹೇಳಿದ್ದನ್ನು ಇದ್ದ ಹಾಗೇ ಬರೆಯುತ್ತೇನೆ, ಎರಡು ಸಲ ಓದು. "ಬಂತಾ ಅಂತ ಕಾಲನ್ನ ಕೇಳಿದೆ ಕಣೇ. ಅದು ಬಂತು ಅನ್ನೋಕೆ ಮುಂಚೇನೇ ಎದ್ದುಬಿಟ್ಟೆ. ತಪ್ಪು ಕಾಲಿಂದಲ್ಲ, ಅವಸರದ್ದು. ಇನ್ನೊಂದ್ಸಲ ಕೇಳಿದ್ರಾಯ್ತು."

ಆಗ ನಿನ್ನ ಬೆನ್ನಿಗೆ ಇನ್ನೂ ಏನೂ ಆಗಿರಲಿಲ್ಲ. ಈಗ ಆ ಮಾತನ್ನು ನೆನೆಸಿಕೊಂಡರೆ ನಿನಗೆಂದೇ ಹೇಳಿಟ್ಟ ಹಾಗೆ ಅನ್ನಿಸುತ್ತದೆ.

ಆಮೇಲೆ ಒಂದೊಂದೇ ಕಂಬಳಿ ಲಾರಿಗೆ ವಾಪಸ್ ಹೋಯಿತು. ಬರಿ ಕುರ್ಚಿ ಉಳಿಯಿತು. ಆಮೇಲೆ ಎರಡೂ ಕೈಗೆ ನೀರಿನ ಬಾಟಲಿ ಬಂತು, ಆಮೇಲೆ ಕಬ್ಬಿಣದ ಡಂಬಲ್ಸ್. ಗೋಡೆಯನ್ನು ತಳ್ಳಿದಳು, ಕಂಬಕ್ಕೆ ಕಟ್ಟಿದ ರಬ್ಬರ್ ಪಟ್ಟಿಯನ್ನು ಎಳೆದಳು. ಬೆಳಿಗ್ಗೆ ಲಾರಿ ಹೊರಡುವ ಮುಂಚೆ ಅಂಗಳದಲ್ಲಿ ಅವಳ ಕಸರತ್ತು. ಆಳುಗಳು ಮೊದಲು ಮುಸಿಮುಸಿ ನಗುತ್ತಿದ್ದರು. ಒಂದು ದಿನ ಉದ್ದಣ್ಣ, ಇದೇನು ಮಹಾ ಅಂತ ಅವಳ ಹಾಗೆ ಕೈ ಕಟ್ಟಿಕೊಂಡು ನಿಧಾನವಾಗಿ ಒಂದೇ ಕಾಲಿನಲ್ಲಿ ಕುರ್ಚಿಯಿಂದ ಏಳಲು ಹೋಗಿ ಪಕ್ಕದ ಬಕೆಟ್ಟಿನ ಮೇಲೆ ಬಿದ್ದ. ಆವತ್ತಿನಿಂದ ಅವನೂ ಅವಳ ಶಿಷ್ಯ. ನಾನೂ ಸೇರಿದ್ದೇನೆ. ಇಷ್ಟು ವರ್ಷ ಭಾರವೆಲ್ಲ ಬಲ ಭುಜದ ಮೇಲೇ ಹೊತ್ತು ನನ್ನ ಎಡಗೈ ಎಷ್ಟು ಸೋಮಾರಿಯಾಗಿತ್ತು ಅನ್ನುವುದು ಈಗ ಗೊತ್ತಾಯಿತು. ದುಡಿಮೆಗೆ ಎತ್ತುವುದು ಬೇರೆ, ಮೈ ಕಟ್ಟುವುದಕ್ಕೆ ಎತ್ತುವುದು ಬೇರೆ ಕಣೋ. ದುಡಿಮೆಯಲ್ಲಿ ಸಾಮಾನು ಕೆಳಗಿಳಿದರೆ ಸಾಕು ಅಂತಿರುತ್ತದೆ. ಇಲ್ಲಿ ಮೈ ಹೇಗೆ ಏಳುತ್ತದೆ, ಹೇಗೆ ಇಳಿಯುತ್ತದೆ ಅನ್ನುವುದನ್ನೇ ನೋಡಬೇಕು.

ಅಮ್ಮನಿಗೆ ಏನೇನಾಯಿತು ಅಂತ ಕೇಳು. ಸಕ್ಕರೆ ಇಳಿದು ಡಾಕ್ಟರು ಒಂದು ಮಾತ್ರೆ ನಿಲ್ಲಿಸಿದರು. ಮಂಡಿನೋವು ಹೋಯಿತು ಅನ್ನಲಾರೆ, ಅದನ್ನು ಮರೆತು ಓಡಾಡುವಷ್ಟು ಕಡಿಮೆಯಾಯಿತು. ಮುಂಚೆ ಬೆಳಗಿನ ಜಾವದ ತನಕ ಹೊರಳಾಡುತ್ತಿದ್ದವಳು ಈಗ ತಲೆ ಊರಿದರೆ ಗೊರಕೆ. ಗೋಡೆ ಹಿಡಿದು ನಡೆಯುವುದು ನಿಂತುಹೋಗಿ, ಪಡಸಾಲೆಯ ಗೋಡೆಯ ಮೇಲಿದ್ದ ಕೈ ಗುರುತಿನ ಉದ್ದ ಕಲೆಗೆ ಸುಣ್ಣ ಬಳಿಸಿದೆ. ಎಲ್ಲಕ್ಕಿಂತ ಮುಖ್ಯವಾದದ್ದು, ಅವಳ ಸಿಟ್ಟು ವಾಪಸ್ ಬಂತು. ಏನು ಹೇಳಿದರೂ "ಹೂಂ, ನಿಮಗೆ ಹೇಗೆ ಬೇಕೋ ಹಾಗೆ" ಅನ್ನುತ್ತಿದ್ದ ಆ ಸಾಧು ಮುದುಕಿ ಯಾರೋ, ನನಗೆ ಗೊತ್ತಿಲ್ಲ. ಒಂದು ದಿನ ಒಗೆದ ಬಟ್ಟೆಯ ಬಕೆಟ್ಟು ಹಿಡಿದುಕೊಂಡು ತಾನೇ ಮೆಟ್ಟಿಲು ಹತ್ತಿ ತಾರಸಿಗೆ ಹೋದಳು. ಎಷ್ಟೋ ವರ್ಷದಿಂದ ಅವಳು ಅಲ್ಲಿಗೆ ಹತ್ತಿರಲಿಲ್ಲ. ನಾವು ಅಲ್ಲಿ ಒಡೆದ ಮಂಚ, ಹರಿದ ಟಾರ್ಪಾಲು, ಟೈರು ಎಲ್ಲ ತುಂಬಿ ಗುಜರಿ ಅಂಗಡಿ ಮಾಡಿದ್ದೆವಲ್ಲ? ಆಕಾಶ ನೋಡಿ ಕಣ್ಣು ತುಂಬಿಕೊಳ್ಳುತ್ತಾಳೆ ಅಂತ ನಾನು ಹಿಂದೆಯೇ ಹೋದರೆ, ನನ್ನನ್ನು ಹಿಡಿದುಕೊಂಡು ಬೈದದ್ದು ಪಕ್ಕದ ಬೀದಿಗೂ ಕೇಳಿಸಿರಬೇಕು. ಸಂಜೆಯೊಳಗೆ ತಾರಸಿ ಖಾಲಿಯಾಯಿತು.

ಅದೇ ಸಂಜೆ ಆದದ್ದನ್ನು ನಿನಗೆ ಹೇಳಲೇಬೇಕು. ತಾರಸಿಯ ಮೂಲೆಯಲ್ಲಿ ಅಪ್ಪನ ಹಳೆಯ ಮರದ ಮೇಜು ಇತ್ತು. ಆಳುಗಳೆಲ್ಲ ಮನೆಗೆ ಹೋಗಿದ್ದರು, ಅದೊಂದು ಉಳಿದಿತ್ತು. ನಾಳೆ ಇಳಿಸಿದರಾಯಿತು ಅಂದೆ. ಅಮ್ಮ ಹೋಗಿ ಅದರ ಆ ತುದಿಗೆ ನಿಂತಳು. ಮಂಡಿ ಬಗ್ಗಿಸಿ, ಬೆನ್ನು ನೇರ ಮಾಡಿ, ಎರಡೂ ಕೈ ಕೆಳಗೆ ಹಾಕಿದಳು. ನನ್ನ ಬಾಯಿಂದ ಅಭ್ಯಾಸಬಲದಿಂದ "ಬಂತಾ?" ಅಂತ ಬಂದುಬಿಟ್ಟಿತು. ದಿಮ್ಮಿ, ಹುಟ್ಟಿದಾಗಿನಿಂದ ನಾನು ಊರವರನ್ನೆಲ್ಲ ಕೇಳಿದ ಆ ಮಾತನ್ನು ಅಮ್ಮನನ್ನು ಒಮ್ಮೆಯೂ ಕೇಳಿರಲಿಲ್ಲ. ಅವಳ ಜೊತೆ ಏನನ್ನಾದರೂ ಎತ್ತಿದ್ದರೆ ತಾನೇ ಕೇಳುವುದು? ಅವಳು ಮೊದಲು ಬೆರಳು ಸರಿಮಾಡಿಕೊಂಡಳು, ಕಾಲು ಸ್ವಲ್ಪ ಅಗಲಿಸಿದಳು, ಉಸಿರು ಎಳೆದುಕೊಂಡಳು. ನಾನು ಬಗ್ಗಿದವಳು ಬಗ್ಗಿದ ಹಾಗೇ ಕಾದೆ. "ಬಂತು" ಅಂದಳು. ಇಬ್ಬರೂ ಎತ್ತಿದೆವು. ಅವಳು ಎತ್ತಿದ ತುದಿ ನನ್ನ ತುದಿಗಿಂತ ಒಂದು ಗುಲಗಂಜಿಯಷ್ಟೂ ಕೆಳಗಿರಲಿಲ್ಲ. ನಾನು ಮೆಟ್ಟಿಲಿಳಿಯುತ್ತಾ ಅತ್ತೆ, ಅವಳಿಗೆ ಕಾಣಿಸದ ಹಾಗೆ. ನನ್ನ ಬೆನ್ನು ನೋಡಿಯೇ ಗೊತ್ತಾಗಿರಬೇಕು, "ಮುಂದೆ ನೋಡ್ಕೊಂಡು ಇಳಿಯೇ, ಮೇಜು ಗೋಡೆಗೆ ತಾಗತ್ತೆ" ಅಂದಳು.

ನೆಲದಿಂದ ಏಳುವುದನ್ನೂ ಕಲಿತಳು. ಒಂದು ಮಂಡಿ ಊರಿ, ಒಂದು ಪಾದ ಮುಂದಿಟ್ಟು, ಕುರ್ಚಿಯ ಅಂಚಿಗೆ ಕೈ ಕೊಟ್ಟು ಏಳುತ್ತಾಳೆ. ಈಗ ಬೇಕೆಂದೇ ನೆಲದ ಮೇಲೆ ಕೂತು ಬಟ್ಟೆ ಮಡಚುತ್ತಾಳೆ, ನಾನು ನೋಡುತ್ತಿರುವಾಗ.

ನಿನ್ನ ಹೆಂಡತಿ ಅತ್ತು ಫೋನ್ ಮಾಡಿದ ದಿನ ಅಮ್ಮ ಪಕ್ಕದಲ್ಲೇ ಇದ್ದಳು. ಎಲ್ಲ ಕೇಳಿಸ್ಕೊಂಡೆ ಅಂದಳು. ಊಟ ಮಾಡಲಿಲ್ಲ. ಮಾರನೆಯ ದಿನ ಡ್ರಿಲ್ ಮೇಡಂ ಹತ್ತಿರ ಹೋಗಿ ನಿನ್ನ ಹೆಂಡತಿ ಕಳಿಸಿದ ನಿನ್ನ ಬೆನ್ನಿನ ಎಕ್ಸ್‌ರೇ ಫೋಟೋಗಳನ್ನೆಲ್ಲ ತೋರಿಸಿ, ಅವಳ ಕೈಯಿಂದ ನಿನ್ನ ಡಾಕ್ಟರಿಗೆ ಫೋನ್ ಮಾಡಿಸಿದಳು. ಯಾವುದು ಮಾಡಬಹುದು, ಯಾವುದು ಸದ್ಯಕ್ಕೆ ಬೇಡ, ನೋವು ಬಂದರೆ ಎಲ್ಲಿ ನಿಲ್ಲಿಸಬೇಕು ಅಂತ ಇಬ್ಬರೂ ಮಾತಾಡಿಕೊಂಡು ಅವಳಿಗೆ ಹೇಳಿಕೊಟ್ಟಿದ್ದಾರೆ. ಬಾಯಿಪಾಠ ಮಾಡಿಕೊಂಡಿದ್ದಾಳೆ. ಹಾಗಾಗಿ ಅವಳಿಗೇನು ಗೊತ್ತು ಅಂತ ಮೂಗು ಮುರಿಯಬೇಡ. ನಿನ್ನ ಮನೆಗೆ ಲಿಫ್ಟಿಲ್ಲ ಅಂತ ಗೊತ್ತಾದ ಮೇಲೆ ಚೀಲಕ್ಕೆ ಭಾರ ತುಂಬಿಕೊಂಡು ನಮ್ಮ ತಾರಸಿ ಮೆಟ್ಟಿಲು ಹತ್ತಿ ಇಳಿದು ಅಭ್ಯಾಸವನ್ನೂ ಮಾಡಿದ್ದಾಳೆ.

ಆ ಚೀಲದಲ್ಲಿ ಏನಿದೆ ಅಂತ ಊಹಿಸಿರಬೇಕು ನೀನು. ನಾಲ್ಕು ಬೂದು ಕಂಬಳಿ. ನಿನ್ನ ಊರಿನಲ್ಲಿ ಕಂಬಳಿ ಸಿಗಲ್ವಾ ಅಂದೆ. "ಇವೇ ಬೇಕು" ಅಂದಳು.

ಈಗ ನನ್ನ ಮಾತು ಕೇಳು. ನಿಲ್ದಾಣಕ್ಕೆ ಯಾರನ್ನೂ ಕಳಿಸಬೇಡ. ಚೀಲವನ್ನು ಅವಳೇ ಹೊತ್ತು ತರುತ್ತಾಳೆ, ಅದರ ಮೇಲೆ ಯಾರಾದರೂ ಕೈ ಹಾಕಿದರೆ ಅವರ ಕೈಗೆ ಪೆಟ್ಟು ಬೀಳುತ್ತದೆ. ಮತ್ತೆ ಲಾರಿ ಹತ್ತುತ್ತೀಯೋ ಇಲ್ಲವೋ ಅನ್ನುವುದನ್ನು ಈಗಲೇ ತೀರ್ಮಾನಿಸಬೇಡ. ಬೀರು ಎತ್ತದೆಯೂ ಒಳ್ಳೆಯ ಬಾಳು ಬಾಳಬಹುದು. ಲೇಸು ಕಟ್ಟಲು ಬಗ್ಗದೆ, ಹೆಂಡತಿಯ ಜೊತೆ ಬೀದಿಯ ಕೊನೆಯ ತನಕ ನಡೆಯದೆ ಬಾಳುವುದು ಮಾತ್ರ ನನಗೆ ಒಪ್ಪಿಗೆಯಿಲ್ಲ, ಅಮ್ಮನಿಗೂ ಇಲ್ಲ. ನೀನು ಮತ್ತೆ ಏಳುತ್ತೀಯ. ನನಗೆ ಇದರಲ್ಲಿ ಕೂದಲೆಳೆಯಷ್ಟೂ ಅನುಮಾನವಿಲ್ಲ. ನಲವತ್ತು ವರ್ಷ ಕೂತವಳೇ ಎದ್ದಿದ್ದಾಳೆ, ನೀನು ಕೂತು ಇನ್ನೂ ವರ್ಷವಾಗಿಲ್ಲ.

ಗುರುವಾರ ಹನ್ನೊಂದರ ಹೊತ್ತಿಗೆ ನಿನ್ನ ಮನೆಯ ಕರೆಗಂಟೆ ಸದ್ದಾಗುತ್ತದೆ. ನಿನ್ನ ಹೆಂಡತಿ ಆಗ ಕೆಲಸಕ್ಕೆ ಹೋಗಿರುತ್ತಾಳೆ. ಬೀಗದ ಕೈ ಕಳಿಸುತ್ತೇನೆ ಅಂದಳು, ಅಮ್ಮ ಬೇಡ ಅಂದಳು. ಹಗ್ಗಕ್ಕೆ ಕೈ ಹಾಕಬೇಡ. ಬಾಗಿಲು ತಾನಾಗಿ ತೆರೆದುಕೊಂಡರೆ ಅವಳು ಒಳಗೆ ಕಾಲಿಡುವುದಿಲ್ಲ, ಹೀಗಂತ ನನಗೆ ಹೇಳಿಯೇ ಹೊರಡುತ್ತಿದ್ದಾಳೆ. ಹೊರಗೆ ಮೆಟ್ಟಿಲ ಮೇಲೆ ಕೂತುಕೊಳ್ಳುತ್ತಾಳೆ. ಎಷ್ಟು ಹೊತ್ತು ಬೇಕಾದರೂ ಕೂರುತ್ತಾಳೆ, ಈಗ ಕೂತರೆ ಏಳಲು ಬರುತ್ತದಲ್ಲ. ಕುರ್ಚಿಯ ಅಂಚಿಗೆ ಸರಿ. ಪಾದ ಹಿಂದಕ್ಕೆ ಎಳೆದುಕೋ. ಬೇಕಾದರೆ ಕೈ ಊರು, ಮೊದಲ ದಿನ ಯಾರೂ ಬೇಡ ಅನ್ನುವುದಿಲ್ಲ. ಏಳು. ಗೋಡೆ ಹಿಡಿದುಕೊಂಡಾದರೂ ಬಾಗಿಲ ತನಕ ಬಾ.

ಬಾಗಿಲಾಚೆಯಿಂದ ಅವಳು ಒಂದೇ ಮಾತು ಕೇಳುತ್ತಾಳೆ, ಯಾವುದು ಅಂತ ನಿನಗೆ ಗೊತ್ತು. ಈ ಸಲ ಕೇಳುವವಳು ಅವಳು, ಉತ್ತರ ಹೇಳಬೇಕಾದವನು ನೀನು. ನಿನಗೆ ನಿಜವಾಗಿ ಹಿಡಿತ ಸಿಗುವ ತನಕ ಹೇಳಬೇಡ. ಅವಳಿಗೆ ಅವಸರವಿಲ್ಲ. ನೀನು "ಬಂತು" ಅನ್ನುವ ತನಕ ಕಾಯುತ್ತಾಳೆ.

ನಿನ್ನ ಬೆನ್ನು ಗಟ್ಟಿಯಾಗಲಿ, ಕಾಲು ನಿನ್ನ ಮಾತು ಕೇಳಲಿ, ನೂರು ವರ್ಷ ನಿನ್ನ ಬೂಟಿನ ಲೇಸು ನೀನೇ ಕಟ್ಟಿಕೊಳ್ಳುವಂತಾಗಲಿ.

ನಿನಗಿಂತ ಹಗುರಾಗಿ ಹುಟ್ಟಿದ,
ಅಕ್ಕ